ಜೈಸಲ್ಮೇರಿನಿಂದ ತನೋಟಿಗೆ: ಮರಳುನಾಡಿನಲ್ಲಿ ಒಂದು ಹಗಲು

ನಮ್ಮ ಕಡೆ ಯಾತ್ರೆ ಎಂದೊಡನೆ ಮನಸ್ಸು ನದಿಯ ಕಡೆಗೆ ಹೊರಳುತ್ತದೆ. ಕೃಷ್ಣೆ ಮಲಪ್ರಭೆಯರು ಕೂಡುವ ಸಂಗಮವಿರಲಿ, ತುಂಗಭದ್ರೆಯ ದಡದ ಹಂಪೆಯಿರಲಿ, ನೀರಿದ್ದಲ್ಲಿ ಕ್ಷೇತ್ರ, ಕ್ಷೇತ್ರವಿದ್ದಲ್ಲಿ ನೀರು ಎಂಬುದು ನಮಗೆ ರೂಢಿಯಾದ ಭಾವನೆ. ಆದರೆ ಭಾರತದ ಪಶ್ಚಿಮದ ಅಂಚಿನಲ್ಲಿ ನದಿಯೇ ಇಲ್ಲದ ಒಂದು ವಿಶಾಲವಾದ ನಾಡಿದೆ. ಅಲ್ಲಿಯ ಜನ ಮಳೆಯ ಹನಿಯನ್ನು ಎಣಿಸಿ ಕೂಡಿಟ್ಟು, ಅದರ ಮೇಲೆ ನೂರಾರು ವರ್ಷಗಳ ಬಾಳನ್ನು ಕಟ್ಟಿಕೊಂಡಿದ್ದಾರೆ. ಆ ನಾಡನ್ನು ರೈಲಿನ ಕಿಟಕಿಯಿಂದ ನೋಡಿದರೆ ಮರಳು ಕಾಣುತ್ತದೆ. ಸೈಕಲ್ ತುಳಿಯುತ್ತ ಹೋದರೆ ನೀರು ಕಾಣುತ್ತದೆ. ಈ ಮಾತಿನ ಅರ್ಥ ಮುಂದೆ ಓದುಗರಿಗೆ ತಾನಾಗಿಯೇ ತಿಳಿಯುವುದು.

ಥಾರ್ ಮರುಭೂಮಿಯ ನಡುವಿರುವ ಜೈಸಲ್ಮೇರ್ ಜಿಲ್ಲೆಯ ವಿಸ್ತೀರ್ಣ 38,401 ಚದರ ಕಿಲೋಮೀಟರು. ಅಂದರೆ ಇಡೀ ಕರ್ನಾಟಕದ ಐದನೆಯ ಒಂದು ಭಾಗ. 2011ರ ಜನಗಣತಿಯ ಪ್ರಕಾರ ಅಷ್ಟು ದೊಡ್ಡ ನೆಲದಲ್ಲಿ ಇದ್ದ ಜನ ಏಳು ಲಕ್ಷಕ್ಕಿಂತ ಕಡಿಮೆ. ಚದರ ಕಿಲೋಮೀಟರಿಗೆ 17 ಮಂದಿ ಮಾತ್ರ. ಅದೇ ಗಣತಿಯಲ್ಲಿ ನಮ್ಮ ರಾಜ್ಯದ ಸರಾಸರಿ 319. ವರ್ಷಕ್ಕೆ ಬೀಳುವ ಮಳೆ ಇನ್ನೂರು ಮಿಲಿಮೀಟರನ್ನು ಮುಟ್ಟುವುದೂ ಕಷ್ಟ. ಬರಗಾಲದ ಸೀಮೆ ಎಂದು ನಾವು ಮರುಗುವ ವಿಜಯಪುರದ ಕಡೆಗೆ ಐದುನೂರು ಮಿಲಿಮೀಟರಿಗೂ ಮಿಕ್ಕಿ ಮಳೆಯಾಗುತ್ತದೆ ಎಂಬುದನ್ನು ನೆನೆದರೆ ಈ ನಾಡಿನ ಒಣಗು ಎಂಥದೆಂದು ಅಂದಾಜಾದೀತು.

ಈ ಜಿಲ್ಲಾ ಕೇಂದ್ರದಿಂದ ಪಾಕಿಸ್ತಾನದ ಗಡಿಯ ಕಡೆಗೆ ಸುಮಾರು 120 ಕಿಲೋಮೀಟರು ದೂರದಲ್ಲಿ ತನೋಟ್ ಎಂಬ ಊರಿದೆ. ಅಲ್ಲಿ ತನೋಟ್ ಮಾತೆಯ ಗುಡಿಯಿದೆ. ಈ ದೂರವನ್ನು ಒಂದೇ ಹಗಲಿನಲ್ಲಿ ಸೈಕಲ್ಲಿನ ಮೇಲೆ ಕ್ರಮಿಸಬೇಕೆಂಬುದು ನಮ್ಮ ಸಂಕಲ್ಪವಾಗಿತ್ತು.

ಸಿದ್ಧತೆ

ನಾವು ಒಟ್ಟು ನಾಲ್ವರು. ಅರವತ್ತನ್ನು ದಾಟಿದವರು ಇಬ್ಬರು: ಈ ಲೇಖನವನ್ನು ಬರೆಯುತ್ತಿರುವ ನಾವು ಮತ್ತು ಗದುಗಿನ ನಿವೃತ್ತ ಚಿತ್ರಕಲಾ ಶಿಕ್ಷಕರು. ಮೂವತ್ತರ ಒಳಗಿನವರು ಇಬ್ಬರು: ಒಬ್ಬನು ಹಾವೇರಿಯ ಕಡೆಯ ಕೃಷಿ ಪದವೀಧರ, ಇನ್ನೊಬ್ಬನು ಬ್ಯಾಂಕಿನ ನೌಕರ. ವಯಸ್ಸಾದವರಿಗೆ ಈ ಸಾಹಸವೇಕೆ ಎಂದು ಮನೆಯವರು ಕೇಳಿದ್ದು ಸಹಜವೇ. ಆದರೆ ಮಠದ ಪಾಠಶಾಲೆಯಲ್ಲಿ ಓದುವ ಕಾಲಕ್ಕೆ ಕಾಳುಕಡಿಯ ವ್ಯವಸ್ಥೆಗಾಗಿ, ಉತ್ಸವದ ಕರೆಯೋಲೆಗಾಗಿ ಹಳ್ಳಿಯಿಂದ ಹಳ್ಳಿಗೆ ಸೈಕಲ್ ತುಳಿದ ಕಾಲುಗಳಿಗೆ ಅದು ಮರೆತ ವಿದ್ಯೆಯೇನೂ ಅಲ್ಲ. ಹೊರಡುವ ಮೊದಲು ಆರು ತಿಂಗಳು ನಿತ್ಯ ಮುಂಜಾನೆ ಅಭ್ಯಾಸ ಮಾಡಿ, ವೈದ್ಯರಿಂದ ಎದೆ ಪರೀಕ್ಷೆ ಮಾಡಿಸಿಕೊಂಡು, ಸೈಕಲ್ಲುಗಳನ್ನು ರೈಲಿನ ಲಗೇಜು ಬೋಗಿಯಲ್ಲಿ ಹಾಕಿಸಿ ಜೋಧಪುರದ ಮಾರ್ಗವಾಗಿ ಜೈಸಲ್ಮೇರನ್ನು ಸೇರಿದೆವು. ಅದು ಮಾರ್ಚ್ ತಿಂಗಳ ಮೊದಲ ವಾರ. ಚಳಿ ಹಿಂದೆ ಸರಿದು ಬೇಸಿಗೆ ಬಾಗಿಲಲ್ಲಿ ನಿಂತ ಕಾಲ.

ಸಾಮಾನು ಬಹಳವಿರಲಿಲ್ಲ. ತಲೆಗೆ ಐದು ಲೀಟರು ನೀರು, ಓ.ಆರ್.ಎಸ್. ಪುಡಿಯ ಪೊಟ್ಟಣಗಳು, ಎರಡೆರಡು ಹೆಚ್ಚಿನ ಟ್ಯೂಬು, ಪಂಕ್ಚರ್ ಹಾಕುವ ಸಾಹಿತ್ಯ, ಗಾಳಿ ಪಂಪು, ತಲೆಗೆ ಸುತ್ತಿಕೊಳ್ಳಲು ನಾಲ್ಕು ಮೊಳದ ಹತ್ತಿಯ ವಸ್ತ್ರ, ಬ್ಯಾಟರಿ ದೀಪ, ಗುರುತಿನ ಚೀಟಿ. ಊಟಕ್ಕೆ ಮನೆಯಿಂದ ತಂದ ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಶೇಂಗಾ ಹೋಳಿಗೆ. ವಾರಗಟ್ಟಲೆ ಕೆಡದೆ ಉಳಿಯುವ ಈ ಬುತ್ತಿಯನ್ನು ನಮ್ಮ ಉತ್ತರ ಕರ್ನಾಟಕದ ತಾಯಂದಿರು ಮರುಭೂಮಿಗೆಂದೇ ಯೋಚಿಸಿ ಮಾಡಿದರೇನೋ ಎನ್ನುವಂತಿತ್ತು.

ಮುಂಜಾವಿನ ದಾರಿ

ಬೆಳಗಿನ ಐದೂವರೆಗೆ ಹೊರಟೆವು. 1156ರಲ್ಲಿ ರಾವಲ್ ಜೈಸಲನು ಕಟ್ಟಲು ತೊಡಗಿದ ಕೋಟೆ ಹಿಂದೆ ಕತ್ತಲಲ್ಲಿ ಕರಗಿತ್ತು. ಅದರ ಹಳದಿ ಕಲ್ಲಿಗೆ ಬೆಳಕು ಬಿದ್ದಾಗ ಮಾತ್ರ ಬಂಗಾರದ ಕೋಟೆ ಎಂಬ ಹೆಸರು ಸಾರ್ಥಕವಾಗುವುದು. ಕೋಟ್ಯಂತರ ವರ್ಷಗಳ ಹಿಂದೆ, ಜುರಾಸಿಕ್ ಯುಗದಲ್ಲಿ, ಈ ಪ್ರದೇಶವು ಸಮುದ್ರದ ತಳವಾಗಿತ್ತು; ಆ ಕಡಲಿನ ಕೆಸರು ಗಟ್ಟಿಯಾಗಿ ಆದ ಸುಣ್ಣಕಲ್ಲೇ ಈ ಹಳದಿ ಕಲ್ಲು. ಒಂದು ಕಾಲಕ್ಕೆ ತಳಕಾಣದ ನೀರಿದ್ದ ಎಡೆಯಲ್ಲಿ ಇಂದು ಕೊಡ ನೀರಿಗೆ ಮೈಲುಗಟ್ಟಲೆ ನಡೆಯುವ ಸ್ಥಿತಿ. ಕಾಲಪುರುಷನ ಲೀಲೆ ವಿಚಿತ್ರವಾದುದು.

ಊರಿನಿಂದ ಸುಮಾರು ಆರು ಕಿಲೋಮೀಟರಿನಲ್ಲಿ ಬಡಾಬಾಗ್. ಅಲ್ಲಿ ಭಾಟಿ ಅರಸರ ಸ್ಮಾರಕ ಛತ್ರಿಗಳು ಸಾಲಾಗಿ ನಿಂತಿವೆ. ಅವುಗಳ ಹಿಂದೆ, ದಿಗಂತದುದ್ದಕ್ಕೂ, ಗಾಳಿಯಿಂದ ವಿದ್ಯುತ್ತನ್ನು ತೆಗೆಯುವ ದೈತ್ಯಾಕಾರದ ಗಿರಗಟ್ಟೆಗಳು. 2001ರಿಂದ ಹಂತಹಂತವಾಗಿ ಬೆಳೆದ ಈ ಗಾಳಿಯಂತ್ರಗಳ ಒಟ್ಟು ಸಾಮರ್ಥ್ಯ ಇಂದು ಸಾವಿರ ಮೆಗಾವಾಟನ್ನು ಮೀರಿದೆ. ಸೈಕಲ್ ಸವಾರನಿಗೆ ಅವು ಇನ್ನೊಂದು ಸುದ್ದಿಯನ್ನೂ ಹೇಳುತ್ತವೆ: ಇಷ್ಟು ಯಂತ್ರಗಳನ್ನು ಒಬ್ಬರು ಇಲ್ಲಿ ನಿಲ್ಲಿಸಿದ್ದಾರೆಂದ ಮೇಲೆ ಗಾಳಿ ಇಲ್ಲಿ ಬಿಡುವು ಕೊಡುವುದಿಲ್ಲ. ಮುಂಜಾನೆ ಅವುಗಳ ರೆಕ್ಕೆಗಳು ನಿದ್ದೆಗಣ್ಣಿನಲ್ಲಿ ತಿರುಗುತ್ತಿದ್ದವು. ನಾವೂ ಗಂಟೆಗೆ ಹದಿನಾರು ಹದಿನೇಳು ಕಿಲೋಮೀಟರಿನಂತೆ ನಿರಾಯಾಸವಾಗಿ ಸಾಗಿದೆವು.

ಮರುಭೂಮಿಯೆಂದರೆ ಬರಿಯ ಮರಳು ಎಂದು ತಿಳಿದವರಿಗೆ ಈ ಮೊದಲ ಭಾಗ ನಿರಾಸೆಯನ್ನುಂಟುಮಾಡೀತು. ಇಲ್ಲಿ ನೆಲವೆಲ್ಲ ಕಲ್ಲು, ಗರಸು. ನಡುನಡುವೆ ಕುರಿಗಳಿಗೆ ಪ್ರಿಯವಾದ ಸೇವಣ ಹುಲ್ಲಿನ ಬುಡಗಳು, ಎಕ್ಕದ ಗಿಡಗಳು, ನೆಲಕ್ಕಂಟಿ ಹಬ್ಬಿದ ಹಾವುಮೆಕ್ಕೆಯ ಬಳ್ಳಿ. ರೋಹಿಡಾ ಮರಗಳು ಎಲೆಗಿಂತ ಹೆಚ್ಚು ಹೂ ಹೊತ್ತು ಕಿತ್ತಳೆ ಬಣ್ಣದಲ್ಲಿ ನಿಂತಿದ್ದವು; ಅದು ರಾಜಸ್ಥಾನದ ರಾಜ್ಯಪುಷ್ಪ. ಅಲ್ಲಿಯ ರಾಜ್ಯವೃಕ್ಷವಾದ ಖೇಜಡಿಯನ್ನು ಕಂಡಾಗ ನಮ್ಮ ಶಿಕ್ಷಕರು ಸೈಕಲ್ ನಿಲ್ಲಿಸಿ, ಒಂದು ಎಲೆ ಮುರಿದು ಕಣ್ಣಿಗೊತ್ತಿಕೊಂಡರು. ಅದು ಬೇರೆ ಮರವಲ್ಲ, ನಮ್ಮ ಬನ್ನಿಯೇ. ವಿಜಯದಶಮಿಯಂದು "ಬಂಗಾರ" ಎಂದು ಹಿರಿಯರ ಕೈಗೆ ಕೊಟ್ಟು ನಮಸ್ಕರಿಸುವ ಅದೇ ಎಲೆ. ಈ ಮರವನ್ನು ಕಡಿಯಗೊಡದೆ 1730ರಲ್ಲಿ ಜೋಧಪುರದ ಬಳಿಯ ಖೇಜಡಲಿ ಗ್ರಾಮದಲ್ಲಿ ಅಮೃತಾದೇವಿ ಮತ್ತು ಅವರ ಬಿಷ್ಣೋಯಿ ಬಂಧುಗಳು, ಒಟ್ಟು 363 ಮಂದಿ, ಮರವನ್ನು ತಬ್ಬಿಕೊಂಡೇ ಪ್ರಾಣ ಕೊಟ್ಟರು. ನೆರಳು, ಮೇವು, ಕಾಯಿಪಲ್ಯ, ಸೌದೆ ಎಲ್ಲವನ್ನೂ ಒಂದೇ ಮರ ಕೊಡುವ ನಾಡಿನಲ್ಲಿ ಮರ ಕಡಿಯುವುದೆಂದರೆ ಮನೆ ಕೆಡವಿದಂತೆ. ಈ ಮಾತನ್ನು ಪುಸ್ತಕದಲ್ಲಿ ಓದುವುದು ಬೇರೆ, ಹತ್ತು ಕಿಲೋಮೀಟರಿಗೊಮ್ಮೆ ದೊರೆಯುವ ನೆರಳಿನಲ್ಲಿ ಕುಳಿತು ತಿಳಿಯುವುದು ಬೇರೆ.

ರಾಮಗಢದ ಕಾಲುವೆ

ಹತ್ತೂಕಾಲಿಗೆ ರಾಮಗಢ. ಸುಮಾರು 65 ಕಿಲೋಮೀಟರು ಮುಗಿದಿತ್ತು. ಹತ್ತಿರದ ನಿಕ್ಷೇಪಗಳ ನೈಸರ್ಗಿಕ ಅನಿಲದಿಂದ ನಡೆಯುವ ವಿದ್ಯುತ್ ಸ್ಥಾವರ ಇಲ್ಲಿದೆ. ಆದರೆ ನಮ್ಮ ಕಣ್ಣನ್ನು ಹಿಡಿದು ನಿಲ್ಲಿಸಿದ್ದು ಕಾಲುವೆಯ ನೀರು. ಪಂಜಾಬಿನಲ್ಲಿ ಸಟ್ಲೆಜ್ ಮತ್ತು ಬಿಯಾಸ್ ನದಿಗಳು ಕೂಡುವೆಡೆಯ ಹರಿಕೆ ಅಣೆಕಟ್ಟಿನಿಂದ ಹೊರಟ ನೀರು ಮೂರು ರಾಜ್ಯಗಳನ್ನು ಹಾಯ್ದು ಈ ಮರಳಿಗೆ ಬಂದಿದೆ. 1958ರ ಮಾರ್ಚ್ 31ರಂದು ಗೋವಿಂದ ವಲ್ಲಭ ಪಂತರು ಶಂಕುಸ್ಥಾಪನೆ ಮಾಡಿದ ಈ ರಾಜಸ್ಥಾನ ಕಾಲುವೆಗೆ ಮುಂದೆ ಇಂದಿರಾ ಗಾಂಧಿಯವರ ಹೆಸರನ್ನಿಡಲಾಯಿತು. ಪೂರಕ ಕಾಲುವೆಯೂ ಸೇರಿ ಮುಖ್ಯ ನಾಲೆಯ ಉದ್ದ ಸುಮಾರು 650 ಕಿಲೋಮೀಟರು. ನೀರು ಮುಟ್ಟಿದಲ್ಲಿ ಸಾಸಿವೆ, ಗೋಧಿ, ಕಡಲೆಯ ಹೊಲಗಳೆದ್ದಿವೆ. ಕೆಲವು ಕಡೆ ಅಳತೆ ಮೀರಿ ನೀರು ನಿಂತು ಜವುಗಾಗಿ, ಉಪ್ಪು ಮೇಲೆದ್ದು ನೆಲ ಕೆಟ್ಟದ್ದೂ ಉಂಟು. ನಮ್ಮ ಕೃಷಿ ಪದವೀಧರನು ಇದನ್ನು ವಿವರಿಸುತ್ತ, ತುಂಗಭದ್ರಾ ಮತ್ತು ಕೃಷ್ಣಾ ಅಚ್ಚುಕಟ್ಟಿನ ಸವಳು ಭೂಮಿಯನ್ನು ನೆನಪಿಸಿದ. ನೀರಿಲ್ಲದ ಕಷ್ಟ ಒಂದು ಬಗೆ, ನೀರಿನ ಬೆಲೆಯರಿಯದ ಕಷ್ಟ ಇನ್ನೊಂದು ಬಗೆ.

ಒಂದು ಚಿಕ್ಕ ಖಾನಾವಳಿಯಲ್ಲಿ ಸಜ್ಜೆಯ ರೊಟ್ಟಿ, ಮಜ್ಜಿಗೆ, ಕೇರ್ ಸಾಂಗ್ರಿಯ ಪಲ್ಯ ದೊರೆಯಿತು. ಸಾಂಗ್ರಿ ಎಂದರೆ ಬನ್ನಿಯ ಎಳೆಗಾಯಿ. ಕೇರ್ ಎಂದರೆ ಎಲೆಯಿಲ್ಲದ ಮುಳ್ಳುಪೊದೆಯ ಕಾಯಿ. ಎರಡನ್ನೂ ಒಣಗಿಸಿಟ್ಟು ವರ್ಷವಿಡೀ ಬಳಸುತ್ತಾರೆ. ನಮ್ಮ ಶೇಂಗಾ ಹೋಳಿಗೆಯನ್ನು ಖಾನಾವಳಿಯ ತಾಯಿಗೆ ಕೊಟ್ಟೆವು. ಆಕೆ ಸಂಕೋಚದಿಂದ ಒಂದನ್ನು ತೆಗೆದುಕೊಂಡು, ಮಕ್ಕಳಿಗೆಂದು ಸೆರಗಿನಲ್ಲಿ ಕಟ್ಟಿಕೊಂಡರು. ಬಾಟಲಿಗಳನ್ನು ಮತ್ತೆ ತುಂಬಿಸಿ, ಹನ್ನೊಂದೂಕಾಲಿಗೆ ಮುಂದೆ ಹೊರಟೆವು. ಒಟ್ಟು ಇಪ್ಪತ್ತು ಲೀಟರು ನೀರು. ಮುಂದಿದ್ದದ್ದು 57 ಕಿಲೋಮೀಟರು.

ಮಧ್ಯಾಹ್ನದ ಪರೀಕ್ಷೆ

ರಾಮಗಢವನ್ನು ಬಿಟ್ಟ ಮೇಲೆ ನೆಲದ ಸ್ವಭಾವವೇ ಬದಲಾಗುತ್ತದೆ. ಕಲ್ಲು ಮುಗಿದು ಮರಳಿನ ದಿಬ್ಬಗಳು ತೊಡಗುತ್ತವೆ. ಗಡಿ ರಸ್ತೆಗಳ ಸಂಸ್ಥೆಯ ಡಾಂಬರು ರಸ್ತೆ ನೇರವಾಗಿ, ಕಪ್ಪು ಪಟ್ಟಿಯಂತೆ, ದಿಬ್ಬವನ್ನೇರಿ ಇಳಿದು ಮತ್ತೆ ಏರುತ್ತ ಕಣ್ಣು ಹಾಯುವಷ್ಟು ದೂರ ಚಾಚಿಕೊಂಡಿರುತ್ತದೆ. ತಿರುವುಗಳಿದ್ದರೆ ಮುಂದೇನಿದೆಯೋ ಎಂಬ ಕುತೂಹಲವಾದರೂ ಸವಾರನನ್ನು ಎಳೆಯುತ್ತದೆ. ಇಲ್ಲಿ ಒಂದು ಗಂಟೆಯ ಬಳಿಕ ತಲಪುವ ದಿಬ್ಬವನ್ನೂ ಈಗಲೇ ನೋಡುತ್ತ ತುಳಿಯಬೇಕು. ದೇಹದ ದಣಿವಿಗಿಂತ ಈ ನೋಟದ ದಣಿವು ದೊಡ್ಡದು.

ಹನ್ನೆರಡಕ್ಕೆ ಗಾಳಿ ಎದ್ದಿತು, ಪಶ್ಚಿಮದಿಂದ, ನಮ್ಮ ಎಡಮುಖಕ್ಕೆ. ಮರಳಿನ ಎಳೆಗಳು ಹಾವಿನಂತೆ ರಸ್ತೆಯನ್ನು ದಾಟತೊಡಗಿದವು. ಕೆಲವೆಡೆ ಮರಳು ರಸ್ತೆಯ ಮೇಲೆಯೇ ಗೇಣುದ್ದ ಕೂಡಿ, ಚಕ್ರ ಹೂತು, ಇಳಿದು ತಳ್ಳಬೇಕಾಯಿತು. ವೇಗ ಗಂಟೆಗೆ ಎಂಟು ಒಂಬತ್ತು ಕಿಲೋಮೀಟರಿಗೆ ಇಳಿಯಿತು. ಒಬ್ಬರ ಹಿಂದೆ ಒಬ್ಬರು ಓರೆಯಾಗಿ ಸಾಲುಗಟ್ಟಿ, ಮುಂದಿನವನು ಗಾಳಿಗೆ ಎದೆಕೊಟ್ಟು, ಹತ್ತು ನಿಮಿಷಕ್ಕೊಮ್ಮೆ ಹಿಂದೆ ಸರಿಯುವ ಕ್ರಮವನ್ನು ಹಾಕಿಕೊಂಡೆವು. ಹಾವೇರಿಯ ತರುಣನು ಮಾತ್ರ ಹಿರಿಯರಿಬ್ಬರ ಸರದಿಯನ್ನೂ ತಾನೇ ವಹಿಸಿಕೊಂಡು ಮುಂದೆಯೇ ಉಳಿದ. "ಗುರುಗಳೇ, ನೀವು ನನ್ನ ನೆರಳಿನಲ್ಲಿ ಬನ್ನಿ" ಎಂಬುದು ಅವನ ಮಾತು. ಹೇಳಿದರೆ ಕೇಳುವ ಸ್ವಭಾವದವನಲ್ಲ.

ಈ ನಡುವೆ ಎರಡು ಪಂಕ್ಚರು. ನಮ್ಮಲ್ಲಿ ಬಳ್ಳಾರಿ ಜಾಲಿ ಎಂದು ಕರೆಯುವ ಗಿಡ ಇಲ್ಲಿಯೂ ರಸ್ತೆಯ ಬದಿಯನ್ನು ಆಕ್ರಮಿಸಿದೆ. ಅದರ ಮುಳ್ಳು ಟೈರಿಗೆ ಯಮ. ಊರಿನಲ್ಲಾದರೆ ಟ್ಯೂಬನ್ನು ಬೋಗುಣಿಯ ನೀರಿನಲ್ಲಿ ಮುಳುಗಿಸಿ ಗುಳ್ಳೆ ಏಳುವಲ್ಲಿ ತೂತನ್ನು ಹುಡುಕುವುದು ಪದ್ಧತಿ. ಇಲ್ಲಿ ಆ ಕೆಲಸಕ್ಕೆ ನೀರು ಕೊಡುವವರಾರು? ಶಿಕ್ಷಕರು ಗಾಳಿ ತುಂಬಿದ ಟ್ಯೂಬನ್ನು ತುಟಿಯ ಹತ್ತಿರ ಹಿಡಿದು ನಿಧಾನವಾಗಿ ತಿರುಗಿಸುತ್ತ, ಸೂಜಿಮೊನೆಯಷ್ಟು ಗಾಳಿ ತಾಗಿದ ಕಡೆ ಬೆರಳಿಟ್ಟು ಗುರುತಿಸಿದರು. ಒಣಬಟ್ಟೆಯನ್ನು ಟೈರಿನ ಒಳಮೈಗೆ ಆಡಿಸಿ, ಎಳೆ ಸಿಕ್ಕಿಕೊಂಡಲ್ಲಿ ಮುರಿದ ಮುಳ್ಳನ್ನು ಕಿತ್ತರು. ಐವತ್ತು ವರ್ಷದ ಸೈಕಲ್ ಸವಾರಿಯ ವಿದ್ಯೆ ಅದು.

ರಾಮಗಢದಿಂದ 25 ಕಿಲೋಮೀಟರಿನ ಸುಮಾರಿಗೆ ರಸ್ತೆಯ ಪಕ್ಕದಲ್ಲಿ ನೀರಿನ ತೊಟ್ಟಿಯಿದೆಯೆಂದು ಊರಿನಲ್ಲಿ ಹೇಳಿದ್ದರು. ತೊಟ್ಟಿಯೇನೋ ಇತ್ತು; ತಳದಲ್ಲಿ ಮರಳಿತ್ತು.

ಎರಡೂಮುಕ್ಕಾಲರ ಹೊತ್ತಿಗೆ, ಸುಮಾರು ಮೂವತ್ತನೆಯ ಕಿಲೋಮೀಟರಿನಲ್ಲಿ, ಮುಂದಿದ್ದ ತರುಣನ ಸೈಕಲ್ಲು ಓಲಾಡಿತು. ಕೂಗಿದರೆ ಅವನ ಉತ್ತರ ತೊದಲಾಗಿತ್ತು. ಇಳಿಸಿ ನೋಡಿದರೆ ಮುಖ ಕೆಂಪಗೆ ಕಾದು, ಬಿಸಿಲಿನಲ್ಲಿಯೇ ಮೈ ಜುಮ್ಮೆಂದು ರೋಮ ನಿಂತಿತ್ತು. ತಲೆ ಸುತ್ತುತ್ತದೆ, ವಾಂತಿ ಬರುವಂತಿದೆ ಎಂದ. ಮರುಭೂಮಿಯ ಒಣಗಾಳಿಯಲ್ಲಿ ಬೆವರು ಹರಿಯುವುದು ಕಾಣುವುದಿಲ್ಲ. ಹೊರಬಂದ ಕ್ಷಣವೇ ಆರಿ, ಅಂಗಿಯ ಮೇಲೆ ಉಪ್ಪಿನ ಬಿಳಿಗೆರೆ ಮಾತ್ರ ಉಳಿಯುತ್ತದೆ. ಬೆವರಲಿಲ್ಲವೆಂದು ತಿಳಿದವನು ಗಂಟೆಗೆ ಒಂದು ಲೀಟರಿನಂತೆ ಕಳೆದುಕೊಳ್ಳುತ್ತಿರುತ್ತಾನೆ. ಇದು ಬಿಸಿಲಿನ ಬಳಲಿಕೆ. ಇಲ್ಲಿಯೇ ತಡೆಯದಿದ್ದರೆ ಮುಂದಿನ ಹಂತ ಪ್ರಾಣಾಪಾಯದ ಬಿಸಿಲ ಬಡಿತ.

ಲೆಕ್ಕ ಹಾಕಿದೆವು. ಉಳಿದ ನೀರು ಆರು ಲೀಟರು. ಉಳಿದ ದಾರಿ 27 ಕಿಲೋಮೀಟರು, ಈ ಗಾಳಿಯಲ್ಲಿ ಮೂರು ಗಂಟೆ. ನಾಲ್ವರಿಗೆ ಬೇಕಾದದ್ದು ಕಡಿಮೆಯೆಂದರೂ ಹನ್ನೆರಡು ಲೀಟರು. ಇದ್ದ ನೀರಿನಲ್ಲಿ ರೋಗಿಯ ಮೈ ಒರೆಸಬೇಕೋ, ಕುಡಿಯಲು ಕೊಡಬೇಕೋ, ಉಳಿದವರಿಗೆ ಇಡಬೇಕೋ ಎಂಬ ಪ್ರಶ್ನೆ. ಮೊಬೈಲಿನಲ್ಲಿ ಸಂಪರ್ಕದ ಗುರುತಿರಲಿಲ್ಲ. ಆ ಕ್ಷಣದಲ್ಲಿ ಶಿಕ್ಷಕರು ಒಂದು ಮಾತೂ ಆಡದೆ ತಮ್ಮ ಪಾಲಿನ ಬಾಟಲಿಯನ್ನು ತೆರೆದು ತರುಣನ ತಲೆವಸ್ತ್ರವನ್ನು ತೋಯಿಸಿದರು. ಪ್ರಶ್ನೆ ಅಲ್ಲಿಗೆ ಮುಗಿಯಿತು.

ಟಾಂಕಾದ ನೀರು

ರಸ್ತೆಯಿಂದ ಮುನ್ನೂರು ಹೆಜ್ಜೆ ದೂರದಲ್ಲಿ ದುಂಡನೆಯ ಮಣ್ಣಿನ ಎರಡು ಗುಡಿಸಲುಗಳು, ಒಂದು ಖೇಜಡಿಯ ಮರ ಕಂಡವು. ಇಂಥ ಒಂಟಿ ವಸತಿಯನ್ನು ಇಲ್ಲಿ ಢಾಣಿ ಎನ್ನುತ್ತಾರೆ. ನಾವು ಅತ್ತ ಹೊರಳುವ ಮೊದಲೇ ಕುರಿಗಾಹಿ ವೃದ್ಧರೊಬ್ಬರು ನಮ್ಮ ಕಡೆಗೆ ಬರುತ್ತಿದ್ದರು. ಏನಾಯಿತೆಂದು ಕೇಳಲಿಲ್ಲ, ನೋಡಿಯೇ ತಿಳಿದರು. ತರುಣನನ್ನು ನೆರಳಿಗೆ ಒಯ್ದು ಕಾಲೆತ್ತಿ ಮಲಗಿಸಿದೆವು. ವೃದ್ಧರು ಅಂಗಳದ ಮೂಲೆಯ ಟಾಂಕಾದ ಮುಚ್ಚಳದ ಬೀಗವನ್ನು ತೆಗೆದರು.

ನೀರಿಗೆ ಬೀಗವೇ ಎಂದು ಓದುಗರಿಗೆ ಆಶ್ಚರ್ಯವಾದೀತು. ಟಾಂಕಾ ಎಂದರೆ ನೆಲದೊಳಗೆ ದುಂಡಗೆ ಕಟ್ಟಿ ಗಾರೆ ಮಾಡಿದ ಹೊಂಡ. ಸುತ್ತಲಿನ ನೆಲವನ್ನು ಗಟ್ಟಿಸಿ, ತಟ್ಟೆಯಂತೆ ಅದರ ಕಡೆಗೆ ಇಳಿಜಾರು ಮಾಡಿರುತ್ತಾರೆ. ಮಳೆಗಾಲದ ಕೆಲವೇ ಮಳೆಗಳಲ್ಲಿ ಆ ಅಂಗಳದ ಮೇಲೆ ಬಿದ್ದ ನೀರೆಲ್ಲ ಒಳಗೆ ಇಳಿಯುತ್ತದೆ. ಆ ಅಂಗಳದ ಮೇಲೆ ಪಾದರಕ್ಷೆ ಮೆಟ್ಟಿ ನಡೆಯುವಂತಿಲ್ಲ, ದನಕುರಿಗಳನ್ನು ಬಿಡುವಂತಿಲ್ಲ. ಇಲ್ಲಿಯ ಜನ ನೀರನ್ನು ಮೂರು ಬಗೆಯಾಗಿ ಎಣಿಸುತ್ತಾರೆ. ಮಳೆಯಿಂದ ನೇರವಾಗಿ ಹಿಡಿದದ್ದು ಪಾಲರ್ ಪಾನಿ. ಆಳದ ಬಾವಿಯದು ಪಾತಾಳ ಪಾನಿ. ಅದು ಹೆಚ್ಚಿನ ಕಡೆ ಉಪ್ಪು. ಇವೆರಡರ ನಡುವಿನದು ರೇಜಾನಿ ಪಾನಿ. ಕೆಲವು ಭಾಗಗಳಲ್ಲಿ ಮರಳಿನ ಕೆಳಗೆ ಜಿಪ್ಸಂ ಅಥವಾ ಜಿಗುಟು ಮಣ್ಣಿನ ಪದರವಿದ್ದು, ಅದು ಮಳೆಯ ತೇವವನ್ನು ಕೆಳಗಿನ ಉಪ್ಪುನೀರಿಗೆ ಸೇರಗೊಡದೆ ತಡೆಯುತ್ತದೆ. ಅಲ್ಲಿ ಒಬ್ಬನೇ ಕುಳಿತು ಅಗೆಯುವಷ್ಟು ಕಿರಿದಾದ ಬಾವಿಯನ್ನು ತೋಡುತ್ತಾರೆ. ಈ ಬೇರಿ ಎಂಬ ಬಾವಿಯ ಗೋಡೆಯಿಂದ ಹನಿಹನಿಯಾಗಿ ಸಿಹಿನೀರು ಜಿನುಗಿ, ದಿನಕ್ಕೆ ಕೆಲವು ಕೊಡವಾಗುತ್ತದೆ. ಗಾಂಧೀ ವಿಚಾರದ ಲೇಖಕ ಅನುಪಮ ಮಿಶ್ರರು 1995ರಲ್ಲಿ ಪ್ರಕಟವಾದ 'ರಾಜಸ್ಥಾನ್ ಕೀ ರಜತ್ ಬೂಂದೇಂ' ಎಂಬ ಹಿಂದಿ ಗ್ರಂಥದಲ್ಲಿ ಈ ಜಲವಿದ್ಯೆಯನ್ನೆಲ್ಲ ವಿವರಿಸಿದ್ದಾರೆ. ಓದು ಬರಹವಿಲ್ಲದವರೆಂದು ಪಟ್ಟಣಿಗರು ತಿಳಿಯುವ ಜನರ ಶಾಸ್ತ್ರವದು. ತುಪ್ಪ ಚೆಲ್ಲಿದರೆ ಹೋಗಲಿ, ನೀರು ಚೆಲ್ಲಿದರೆ ಜೀವ ಉರಿಯುತ್ತದೆ ಎಂಬರ್ಥದ ಮಾತು ಅಲ್ಲಿ ಮನೆಮನೆಯಲ್ಲಿದೆ.

ಮುಂದಿನ ಮಳೆ ನಾಲ್ಕು ತಿಂಗಳ ಆಚೆಗಿದ್ದ ಕಾಲ. ಆ ಟಾಂಕಾದಲ್ಲಿದ್ದದ್ದು ಒಂದು ಕುಟುಂಬ ಅಷ್ಟು ದಿನ ಕುಡಿಯಬೇಕಾದ ನೀರು. ವೃದ್ಧರು ಎರಡು ಬಿಂದಿಗೆ ಸೇದಿ ನಮ್ಮ ಮುಂದಿಟ್ಟರು. ಒಂದರಿಂದ ವಸ್ತ್ರಗಳನ್ನು ತೋಯಿಸಿ ತರುಣನ ಕುತ್ತಿಗೆ, ಕಂಕುಳು, ತೊಡೆಸಂದಿಗಳಲ್ಲಿ ಇರಿಸಿ ಬೀಸಿದೆವು. ಇನ್ನೊಂದರಲ್ಲಿ ಓ.ಆರ್.ಎಸ್. ಕಲಸಿ ಗುಟುಕುಗುಟುಕಾಗಿ ಕುಡಿಸಿದೆವು. ಮನೆಯ ಹೆಣ್ಣುಮಗಳು ಒಳಗಿನಿಂದ ಉಪ್ಪು ಹಾಕಿದ ಮಜ್ಜಿಗೆಯನ್ನು ಕಳುಹಿಸಿದರು. ಮುಕ್ಕಾಲು ಗಂಟೆಯಲ್ಲಿ ಅವನ ಮಾತು ಸ್ವಚ್ಛವಾಯಿತು, ಕಣ್ಣಿಗೆ ಕಳೆ ಬಂತು.

ಕೃತಜ್ಞತೆಯಿಂದ ಹಣವನ್ನು ಮುಂದೆ ಚಾಚಿದಾಗ ವೃದ್ಧರು ಕೈ ಹಿಂದಕ್ಕೆಳೆದುಕೊಂಡರು. "ಬಾಬಾ, ನೀರನ್ನು ಮಾರುವ ಮನೆಯಲ್ಲ ಇದು" ಎಂದರು. ಅವರು ಬೇಡಿದ್ದು ಒಂದೇ: ಬಿಚ್ಚಿದ ಪ್ಲಾಸ್ಟಿಕ್ ಪೊಟ್ಟಣಗಳನ್ನು ಎಸೆಯದೆ ಒಯ್ಯಬೇಕು, ಕುರಿಗಳು ತಿಂದು ಸಾಯುತ್ತವೆ. ಗಾಳಿಗೆ ಹಾರಿಹೋಗಿದ್ದ ಎರಡು ಪೊಟ್ಟಣಗಳನ್ನು ಬ್ಯಾಂಕಿನ ನೌಕರನು ಓಡಿಹೋಗಿ ಮುಳ್ಳಿನಿಂದ ಬಿಡಿಸಿ ತಂದ. ದಾಸೋಹ ಎಂಬ ಶಬ್ದದ ಮೇಲೆ ಎಷ್ಟೋ ಉಪನ್ಯಾಸಗಳನ್ನು ಕೇಳಿದ್ದೇವೆ, ಮಾಡಿಯೂ ಇದ್ದೇವೆ. ಆ ದಿನ ಅದನ್ನು ಬಿಂದಿಗೆಯಲ್ಲಿ ಕಂಡೆವು.

ಅಷ್ಟರಲ್ಲಿ ತನೋಟಿನ ಕಡೆಗೆ ಹೋಗುವ ನೀರಿನ ಲಾರಿಯೊಂದು ಬಂತು. ವೃದ್ಧರೇ ಕೈಬೀಸಿ ನಿಲ್ಲಿಸಿದರು. ತರುಣನು ಏರಲು ಒಪ್ಪಲಿಲ್ಲ. "ಈಗ ಪೂರ್ಣ ಆರಾಮಾಗಿದ್ದೇನೆ. ಇಷ್ಟು ದೂರ ಬಂದು ಲಾರಿ ಹತ್ತಿದರೆ ಸಂಕಲ್ಪ ಮುರಿದಂತಾಗುತ್ತದೆ, ಗುರುಗಳೇ" ಎಂದು ಹಟ ಹಿಡಿದ. ಅವನ ಮಾತಿನಲ್ಲಿ ಸತ್ಯವಿಲ್ಲದೆ ಇರಲಿಲ್ಲ. ನಾಲ್ವರೂ ಕೂಡಿ ಮಾಡಿದ ಸಂಕಲ್ಪವದು. ಆರು ತಿಂಗಳು ಅದಕ್ಕಾಗಿ ಬೆವರು ಸುರಿಸಿದ್ದ. ಶಿಕ್ಷಕರು ಅವನ ಹೆಗಲ ಮೇಲೆ ಕೈಯಿಟ್ಟು, "ತಮ್ಮಾ, ಈ ದಾರಿ ನಾಳೆಯೂ ಇಲ್ಲೇ ಇರುತ್ತದೆ. ನಿನ್ನ ತಾಯಿಗೆ ನಾವು ದಾರಿಯ ಲೆಕ್ಕ ಹೇಳುವಂತಿಲ್ಲ, ನಿನ್ನನ್ನು ಒಪ್ಪಿಸಬೇಕು" ಎಂದರು. ಅವನು ಮುಖ ತಿರುಗಿಸಿಕೊಂಡು ಲಾರಿ ಹತ್ತಿದ. ಸೈಕಲ್ಲನ್ನು ಮೇಲೆ ಕಟ್ಟಿ, ನಮ್ಮ ಬಾಟಲಿಗಳನ್ನು ಅದೇ ಲಾರಿಯ ನೀರಿನಿಂದ ತುಂಬಿಸಿಕೊಂಡೆವು. ಲಾರಿ ದಿಬ್ಬದಾಚೆ ಇಳಿಯುವವರೆಗೂ ಅವನು ನಮ್ಮ ಕಡೆ ತಿರುಗಿ ನೋಡಲಿಲ್ಲ.

ಗಡಿಯ ಗುಡಿ

ನಾಲ್ಕೂವರೆಗೆ ಉಳಿದ ಮೂವರು ಮತ್ತೆ ಹೊರಟೆವು. ಮುಂದೆ ನಿಂತು ಗಾಳಿಯನ್ನು ತಡೆಯುತ್ತಿದ್ದ ಬೆನ್ನು ಈಗ ಇರಲಿಲ್ಲ. ಅವನು ಮಧ್ಯಾಹ್ನವೆಲ್ಲ ಎಷ್ಟು ಭಾರ ಹೊತ್ತಿದ್ದನೆಂಬುದು ಆಗ ಮೈಗೆ ಗೊತ್ತಾಯಿತು. ತೊಡೆಗಳಲ್ಲಿ ನರ ಹಿಡಿದುಕೊಳ್ಳುತ್ತಿತ್ತು. ಪ್ರತಿ ಮೂರು ಕಿಲೋಮೀಟರಿಗೆ ಇಳಿದು, ನಾಲ್ಕು ಗುಟುಕು ಉಪ್ಪುನೀರು ಕುಡಿದು, ಮತ್ತೆ ಏರುವುದು. ಐದೂವರೆಯ ನಂತರ ಗಾಳಿ ಕುಗ್ಗಿತು. ದಿಬ್ಬಗಳ ನೆರಳು ಉದ್ದವಾಗಿ, ಮರಳಿನ ಅಲೆಗಳಲ್ಲಿ ಒಂದೊಂದು ಗೆರೆಯೂ ಎದ್ದು ಕಂಡಿತು. ಚಿತ್ರಕಲೆಯ ಶಿಕ್ಷಕರು ಆ ದಣಿವಿನಲ್ಲೂ ನಿಂತು, "ಇದನ್ನು ಬರೆಯಲು ಬಣ್ಣ ಬೇಡ, ನೆರಳೊಂದೇ ಸಾಕು" ಎಂದರು. ಸೂರ್ಯ ಮುಳುಗಿದ ಮೇಲೆ ಬಿಸಿ ಇಳಿದ ವೇಗ ಅಚ್ಚರಿಯದು. ಅರ್ಧ ಗಂಟೆಯಲ್ಲಿ ತೋಯ್ದ ವಸ್ತ್ರವನ್ನು ಬಿಚ್ಚಿ ಹೊದಿಕೆಯನ್ನು ಸುತ್ತಿಕೊಳ್ಳಬೇಕಾಯಿತು.

ಏಳೂಕಾಲರ ಹೊತ್ತಿಗೆ ಕತ್ತಲೆಯಲ್ಲಿ ಎದುರಿನಿಂದ ಒಂದು ಬ್ಯಾಟರಿ ದೀಪ ಅಲುಗಾಡುತ್ತ ಬಂತು. ನಮ್ಮ ತರುಣ. ಲಾರಿಯಿಂದಿಳಿದು ವಿಶ್ರಾಂತಿ ಪಡೆದು, ನಾವು ಬರುವುದು ತಡವಾಯಿತೆಂದು ಒಂದು ಕಿಲೋಮೀಟರು ನಡೆದುಕೊಂಡೇ ಬಂದಿದ್ದ. ಮಾತಾಡದೆ ಶಿಕ್ಷಕರ ಸೈಕಲ್ಲಿನ ಹ್ಯಾಂಡಲನ್ನು ತಾನು ಹಿಡಿದುಕೊಂಡ. ನಾಲ್ವರೂ ನಡೆದೇ ಗುಡಿಯನ್ನು ತಲಪಿದೆವು.

ತನೋಟ್ ಭಾಟಿ ರಜಪೂತರ ಪುರಾತನ ನೆಲೆಗಳಲ್ಲಿ ಒಂದು. 1965ರ ಯುದ್ಧದಲ್ಲಿ ಶತ್ರುಗಳು ಈ ಭಾಗದ ಮೇಲೆ ಸಾವಿರಾರು ಗುಂಡುಗಳನ್ನು ಸುರಿಸಿದರೂ ಗುಡಿಯ ಆವರಣದಲ್ಲಿ ಬಿದ್ದವು ಸಿಡಿಯಲಿಲ್ಲವೆಂಬುದು ಸೈನಿಕರ ನಂಬಿಕೆ. ಸಿಡಿಯದ ಗುಂಡುಗಳನ್ನು ಅಲ್ಲಿ ಪ್ರದರ್ಶನಕ್ಕೆ ಇಟ್ಟಿದ್ದಾರೆ. ಗುಡಿಯ ಪೂಜೆ ನಿರ್ವಹಣೆಗಳನ್ನು ಗಡಿ ಭದ್ರತಾ ಪಡೆಯವರೇ ನಡೆಸುತ್ತಾರೆ. ಸಂಜೆಯ ಆರತಿಗೆ ಡೋಲು ಬಾರಿಸುವವರೂ ಹಾಡುವವರೂ ಯೋಧರೇ. ಹರಕೆ ಹೊತ್ತವರು ಕಟ್ಟಿಹೋದ ಕರವಸ್ತ್ರಗಳು ಸಾವಿರಗಟ್ಟಲೆ. ಇಲ್ಲಿಂದ ಸುಮಾರು ನಲವತ್ತು ಕಿಲೋಮೀಟರಿನಲ್ಲಿ ಲೋಂಗೇವಾಲಾ. 1971ರ ಡಿಸೆಂಬರ್ 4 ಮತ್ತು 5ರ ನಡುವಿನ ರಾತ್ರಿ ಮೇಜರ್ ಕುಲದೀಪ್ ಸಿಂಗ್ ಚಾಂದಪುರಿಯವರ ನೇತೃತ್ವದಲ್ಲಿ ಪಂಜಾಬ್ ರೆಜಿಮೆಂಟಿನ ಸುಮಾರು 120 ಮಂದಿ ಟ್ಯಾಂಕುಗಳ ದಂಡನ್ನು ಬೆಳಗಾಗುವವರೆಗೆ ತಡೆದು ನಿಂತರು. ಬೆಳಕು ಹರಿದ ಮೇಲೆ ಜೈಸಲ್ಮೇರಿನಿಂದ ಬಂದ ವಾಯುಪಡೆಯ ಹಂಟರ್ ವಿಮಾನಗಳು ಯುದ್ಧದ ಗತಿಯನ್ನು ತಿರುಗಿಸಿದವು. ಒಂದು ದಿನದ ಬಿಸಿಲಿಗೆ ನಾವು ಇಷ್ಟು ಬಳಲಿದೆವು. ಮೇ ತಿಂಗಳಲ್ಲಿ ಅದೇ ಮರಳಿನ ಮೇಲೆ ಬಂದೂಕು ಹೊತ್ತು ಕಾವಲು ನಡೆಯುವ ಮಕ್ಕಳನ್ನು, ಅವರ ದಾರಿ ಕಾಯುವ ಮನೆಗಳನ್ನು, ನಮ್ಮ ಊಟದ ಹೊತ್ತಿಗೆ ಒಮ್ಮೆಯಾದರೂ ನೆನೆಯುವುದು ನ್ಯಾಯ.

ಮರುದಿನ ಸೂರ್ಯೋದಯಕ್ಕೆ ಮೊದಲೇ ಹಾವೇರಿಯ ತರುಣನು ಎದ್ದು ಸಿದ್ಧನಾಗಿದ್ದ. ತಂಪಿನಲ್ಲಿ, ನಿಂತ ಗಾಳಿಯಲ್ಲಿ, ಢಾಣಿಯವರೆಗಿನ 27 ಕಿಲೋಮೀಟರನ್ನು ತಿರುಗಿ ತುಳಿದ. ಬಿಟ್ಟುಹೋದ ದಾರಿಯನ್ನು ಹೀಗೆ ಹಿಂದುಮುಂದಾಗಿ ತುಂಬಿಸಿಕೊಂಡ. ಢಾಣಿಯಲ್ಲಿ ವೃದ್ಧರಿಗೆ ನಮಸ್ಕರಿಸಿ, ಉಳಿದ ಶೇಂಗಾ ಹೋಳಿಗೆಯನ್ನೆಲ್ಲ ಕೊಟ್ಟು ಬಂದೆವು. ಹಣವನ್ನು ನೂಕಿದ ಕೈ ಅದನ್ನು ಸಂತೋಷದಿಂದ ಸ್ವೀಕರಿಸಿತು.

ಹೋಗುವವರಿಗೆ ಕೆಲವು ಮಾತು

ಈ ದಾರಿಯನ್ನು ವಾಹನದಲ್ಲಿಯೂ ಸುಖವಾಗಿ ನೋಡಬಹುದು. ಕುಟುಂಬಗಳಿಗೆ ಅದೇ ಯೋಗ್ಯ. ನವೆಂಬರಿನಿಂದ ಫೆಬ್ರವರಿಯವರೆಗೆ ಸರಿಯಾದ ಕಾಲ. ತನೋಟಿನಲ್ಲಿ ಯಾತ್ರಿಕರು ತಂಗುವ ವ್ಯವಸ್ಥೆಯಿದೆ. ಗಡಿ ಸಮೀಪವಾದುದರಿಂದ ಗುರುತಿನ ಚೀಟಿ ಬೇಕೇ ಬೇಕು. ಗುಡಿಯಿಂದಾಚೆ ಗಡಿರೇಖೆಯ ಕಡೆಗೆ ಅನುಮತಿಯಿಲ್ಲದೆ ಹೋಗಕೂಡದು. ಸೈಕಲ್ಲಿನಲ್ಲಿ ಹೋಗುವ ತರುಣರು ಒಬ್ಬರೇ ಹೋಗಬಾರದು. ರಸ್ತೆಬದಿಯ ತೊಟ್ಟಿಯನ್ನು ನಂಬದೆ ಗಂಟೆಗೆ ಒಂದು ಲೀಟರಿನ ಲೆಕ್ಕದಲ್ಲಿ ನೀರು ಒಯ್ಯಬೇಕು. ಬರಿಯ ನೀರನ್ನೇ ಕುಡಿಯುತ್ತಿದ್ದರೆ ದೇಹದ ಉಪ್ಪು ತೆಳುವಾಗಿ ಅದೂ ಅಪಾಯ. ಓ.ಆರ್.ಎಸ್. ಪುಡಿ ಸಿಗದಿದ್ದರೆ ಒಂದು ಲೀಟರು ಶುದ್ಧ ನೀರಿಗೆ ಆರು ಸಣ್ಣ ಚಮಚ ಸಕ್ಕರೆ, ಅರ್ಧ ಸಣ್ಣ ಚಮಚ ಉಪ್ಪು, ಎರಡನ್ನೂ ಮಟ್ಟವಾಗಿ ಅಳೆದು ಕಲಸಿಕೊಳ್ಳಬೇಕು. ಬೇಸಿಗೆಯಲ್ಲಿ ಹೊಲದಲ್ಲಿ ದುಡಿಯುವವರಿಗೂ, ಜಾತ್ರೆಗೆ ಪಾದಯಾತ್ರೆ ಹೋಗುವವರಿಗೂ ಇದು ಉಪಯೋಗದ ಮಾತು. ತೊದಲು ಮಾತು, ತೂಗಾಡುವ ನಡೆ, ಬಿಸಿಲಲ್ಲಿ ಚಳಿ ಕಂಡರೆ ಗುರಿ ಎಷ್ಟೇ ಹತ್ತಿರವಿರಲಿ, ಅಲ್ಲಿಯೇ ನಿಲ್ಲಬೇಕು.

ಸೊಲ್ಲಾಪುರದಲ್ಲಿ ಸಿದ್ಧರಾಮರು ಕೆರೆಯನ್ನು ಕಟ್ಟಿಸಿದ ಪರಂಪರೆ ನಮ್ಮದು. ನಮ್ಮ ಊರುಗಳಲ್ಲಿ ಇಂದು ಎಷ್ಟೋ ಕೆರೆಗಳು ಹೂಳು ತುಂಬಿವೆ, ಬಾವಿಗಳು ಕಸದ ಗುಂಡಿಗಳಾಗಿವೆ, ಮಾಳಿಗೆಯ ಮೇಲೆ ಬಿದ್ದ ಮಳೆ ಗಟಾರವನ್ನು ಸೇರುತ್ತಿದೆ. ಇನ್ನೂರು ಮಿಲಿಮೀಟರು ಮಳೆಯಿಲ್ಲದ ನಾಡಿನ ಕುರಿಗಾಹಿ ತನ್ನ ಅಂಗಳವನ್ನು ಗುಡಿಸಿ ಸಾರಿಸಿ ಮಳೆಗಾಗಿ ಸಿದ್ಧವಿಡುತ್ತಾನೆ. ಅದರ ಎರಡು ಮೂರು ಪಟ್ಟು ಮಳೆ ಪಡೆಯುವ ನಾವು ಜ್ಯೇಷ್ಠ ಬರುವ ಮುನ್ನ ನಮ್ಮ ನಮ್ಮ ಮಾಳಿಗೆಗಳನ್ನೊಮ್ಮೆ ಗುಡಿಸಿ, ಅದರ ನೀರು ಎಲ್ಲಿಗೆ ಹರಿದುಹೋಗುತ್ತದೆಂದು ಮನೆಯ ಮಕ್ಕಳೊಡನೆ ನಿಂತು ನೋಡೋಣ.